ತಮ್ಮನಿಗೆ ಹೆಸರು ಹುಡುಕಿದ್ದು

ದುಬೈಯ ಕರಾಮಾದಲ್ಲಿದ್ದ ನಮ್ಮ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ದಿನವೂ ಎರಡು ಸಲ ರಾತ್ರಿಯೂಟ ನಡೆಯುತ್ತಿತ್ತು. ಆರೂವರೆಗೆ ಪಪ್ಪನದು: ಕಪ್ಪು ಬ್ರೆಡ್ಡು, ಬೆಣ್ಣೆ, ಚೀಸು, ಬಾಟಲಿಯೊಳಗಿನ ಹುಳಿ ಸೌತೆಕಾಯಿ. ಎಂಟಕ್ಕೆ ಅಮ್ಮನದು: ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ, ಒಣಮೀನಿನ ಚಟ್ನಿ. ಚಟ್ನಿಗೆ ಮೀನು ಸುಡುವ ಹೊತ್ತಿಗೆ ಪಪ್ಪ ಎದ್ದು ಹಾಲ್‌ನ ಬಾಗಿಲು ಮುಚ್ಚುತ್ತಿದ್ದರು, ಅಮ್ಮ ಬಂದು ತೆರೆಯುತ್ತಿದ್ದಳು. ನಾನು ಎರಡೂ ಊಟಕ್ಕೆ ಕೂರುತ್ತಿದ್ದೆ. ಪಪ್ಪ ಜರ್ಮನಿಯವರು, ಅಲ್ ಕೂಜ್‌ನಲ್ಲಿ ನೀರೆತ್ತುವ ದೊಡ್ಡ ಪಂಪುಗಳನ್ನು ರಿಪೇರಿ ಮಾಡುವ ವರ್ಕ್‌ಶಾಪಿನ ಮುಖ್ಯಸ್ಥರು. ಅಮ್ಮ ಪುತ್ತೂರಿನವಳು, ಟೈಪಿಸ್ಟ್ ಆಗಿ ದುಬೈಗೆ ಬಂದು ಅದೇ ಕಂಪನಿಯ ಆಫೀಸಿನಲ್ಲಿ ಅವರನ್ನು ಕಂಡವಳು. ಪಪ್ಪ ನನ್ನೊಡನೆ ಜರ್ಮನ್ ಆಡುತ್ತಿದ್ದರು, ಅಮ್ಮ ಕನ್ನಡ, ಅವರಿಬ್ಬರೂ ತಮ್ಮತಮ್ಮೊಳಗೆ ಇಂಗ್ಲಿಷ್. ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಆ ಮನೆಯಲ್ಲಿ ನನ್ನ ಒಂಬತ್ತನೇ ವಯಸ್ಸಿನಲ್ಲಿ ಸುಮಾರು ಒಂದು ತಿಂಗಳು ನಾನು ಹೆದರಿಕೊಂಡೇ ಇದ್ದೆ. ಯಾಕೆ ಎಂದು ಯಾರಿಗೂ ಹೇಳಿರಲಿಲ್ಲ.

ಅಮ್ಮನ ಹೊಟ್ಟೆಯಲ್ಲಿರುವುದು ಗಂಡುಮಗು ಎಂದು ಸ್ಕ್ಯಾನಿನಲ್ಲಿ ಗೊತ್ತಾದ ದಿನವೇ ಪಪ್ಪ ಚೌಕದ ಗೆರೆಗಳ ಒಂದು ನೋಟ್‌ಬುಕ್ ತಂದು ಊಟದ ಮೇಜಿನ ಮೇಲಿಟ್ಟರು. ಅವರ ಷರತ್ತು ಒಂದೇ. ಹೆಸರು ಜರ್ಮನ್ ಆಗಿರಬೇಕು, ಆದರೆ ಇಂಗ್ಲಿಷ್ ಆಡುವವರ ಬಾಯಲ್ಲಿ ಕೆಡಬಾರದು. ಅದಕ್ಕೆ ಕಾರಣ ನಮಗೆಲ್ಲ ಗೊತ್ತಿತ್ತು. ಪಪ್ಪನ ಹೆಸರು ಹೋರ್ಸ್ಟ್. ವರ್ಕ್‌ಶಾಪಿನಲ್ಲಿ ಎಲ್ಲರೂ ಅವರನ್ನು ಮಿಸ್ಟರ್ ಹಾರ್ಸ್ ಎಂದೇ ಕರೆಯುತ್ತಿದ್ದರು, ಗೌರವದಿಂದಲೇ. ಒಮ್ಮೆ ಅವರ ಹುಟ್ಟುಹಬ್ಬಕ್ಕೆ ಕೆಲಸಗಾರರೆಲ್ಲ ಸೇರಿ ಕೇಕ್ ತರಿಸಿದ್ದರು. ಉಳಿದ ಅರ್ಧವನ್ನು ಪಪ್ಪ ಮನೆಗೆ ತಂದಾಗ ಅದರ ಮೇಲೆ ನೀಲಿ ಕ್ರೀಮಿನಲ್ಲಿ ‘ಹಾರ್ಸ್’ ಎಂಬ ಅಕ್ಷರಗಳು ಹಾಗೇ ಇದ್ದವು. ಅವರು ಚಾಕು ತೆಗೆದುಕೊಂಡು ಆ ಕ್ರೀಮನ್ನು ಹೆರೆದು ಸಿಂಕಿಗೆ ಹಾಕಿ, ಆಮೇಲೆ ನಮಗೆ ಕತ್ತರಿಸಿ ಕೊಟ್ಟರು. ಅಮ್ಮ ನಗಲು ಹೋಗಿ ಸುಮ್ಮನಾದಳು.

ಹೆಸರಿನ ಪರೀಕ್ಷೆ ಹೀಗೆ ನಡೆಯುತ್ತಿತ್ತು. ಪಪ್ಪ ಒಂದು ಹೆಸರು ಓದುವರು. ಅಮ್ಮ ಅಡುಗೆಮನೆಯಿಂದ ಮಗನನ್ನು ಊಟಕ್ಕೆ ಕರೆದ ಹಾಗೆ ಅದನ್ನು ಕೂಗುವಳು. ನಾನು ನಮ್ಮ ಇಂಗ್ಲಿಷ್ ಶಾಲೆಯ ಟೀಚರ್ ಹಾಜರಿ ಕರೆಯುವ ಹಾಗೆ ಓದಿ ತೋರಿಸಬೇಕು. ಯೂರ್ಗೆನ್ ನನ್ನ ಬಾಯಲ್ಲಿ ಜರ್ಗನ್ ಆಯಿತು, ಹೊಡೆದು ಹಾಕಿದರು. ಯೋಖೆನ್ ಜೋಚೆನ್ ಆಯಿತು. ವೋಲ್ಫ್‌ಗಾಂಗ್ ಎಂದಾಗ, ತೋಳಗಳ ಗ್ಯಾಂಗ್ ಎಂದು ನಾನೇ ನಕ್ಕುಬಿಟ್ಟೆ. ಈ ಕೆಲಸಕ್ಕೆ ನನಗಿಂತ ತಕ್ಕವರು ಮನೆಯಲ್ಲಿ ಇರಲಿಲ್ಲ, ಏಕೆಂದರೆ ನನ್ನ ಹೆಸರು ಆಂಟ್ಯೆ. ಶಾಲೆಯಲ್ಲಿ ನಾನು ಆಂಟ್‌ಜೀ, ಹುಡುಗರಿಗೆ ಬರೀ ಆಂಟ್, ಎಂದರೆ ಇರುವೆ. ಕಟ್ಟಡದ ಹೆಂಗಸರಿಗೆ ಆಂಟಿ. ಒಂಬತ್ತು ವರ್ಷದ ಹುಡುಗಿಯನ್ನು ಆಂಟಿ ಎಂದು ಕರೆಯುವುದು ಲಿಫ್ಟಿನಲ್ಲಿ ಎಲ್ಲರಿಗೂ ತಮಾಷೆಯಾಗಿತ್ತು.

ಎರಡು ವಾರ ಕಳೆದ ಮೇಲೆ ಪಪ್ಪ ಪುಟದ ಮೇಲ್ಗಡೆ ಒಂದು ಹೆಸರನ್ನು ದೊಡ್ಡದಾಗಿ ಬರೆದು ಕೆಳಗೆ ಗೆರೆ ಎಳೆದರು. ಡೀಟರ್. ತೀರಿಹೋದ ಅವರ ಅಪ್ಪನ ಹೆಸರು. ಜರ್ಮನಿಯಿಂದ ನನ್ನ ಓಮಾ, ಎಂದರೆ ಅಜ್ಜಿ, ಫೋನಿನಲ್ಲಿ ಅದೇ ಬೇಕೆಂದಿದ್ದಳು. ಅಮ್ಮ ಎರಡು ಸಲ ಕೂಗಿ ನೋಡಿ, “ಪರವಾಗಿಲ್ಲ, ಪೀಟರ್ ಹಾಗೆಯೇ ಉಂಟಲ್ಲ,” ಎಂದಳು. ಪಪ್ಪ ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ನಾನು ಇಂಗ್ಲಿಷ್ ಅಕ್ಷರಗಳನ್ನು ನೋಡಿದೆ. ಮೊದಲ ಮೂರು ಡಿ, ಐ, ಇ. ಇಂಗ್ಲಿಷಿನಲ್ಲಿ ಅದು ‘ಡೈ’. ಸಾಯಿ ಎಂದು. ಪಪ್ಪನಿಗೆ ಅದು ಕಾಣುತ್ತಿರಲಿಲ್ಲ. ಜರ್ಮನ್‌ನಲ್ಲಿ ‘ಡೀ’ ಎನ್ನುವುದು ನಾಮಪದಗಳ ಮುಂದೆ ಸುಮ್ಮನೆ ಬರುವ ಪುಟ್ಟ ಪದ, ಸೂರ್ಯನಿಗೂ ತಾಯಿಗೂ ಮುಂದೆ ಅದೇ ಇರುತ್ತದೆ. ಅದನ್ನು ಹುಟ್ಟಿದಾಗಿನಿಂದ ಬರೆದವರಿಗೆ ಅದರಲ್ಲಿ ಸಾವು ಹೇಗೆ ಕಂಡೀತು? ನಾನು ಹೇಳಬಹುದಿತ್ತು. ಆದರೆ ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ ಎನಿಸಿತು. ಅಲ್ಲದೆ ಅದು ಅವರ ಅಪ್ಪನ ಹೆಸರು.

“ಶಾಲೆಯಲ್ಲಿ ಹೇಗೆ ಓದುತ್ತಾರೆ?” ಎಂದು ಪಪ್ಪ ಕೇಳಿದರು.

“ಸರಿಯಾಗಿಯೇ ಓದುತ್ತಾರೆ,” ಎಂದೆ.

ಅದಾಗಿ ನಾಲ್ಕೈದು ದಿನಕ್ಕೆ ಅಮ್ಮನಿಗೆ ರಕ್ತ ಹೋಗತೊಡಗಿತು. ಇನ್ನೂ ಏಳು ತಿಂಗಳೂ ತುಂಬಿರಲಿಲ್ಲ. ಹೆರಿಗೆಯ ತನಕ ಆಸ್ಪತ್ರೆಯಲ್ಲಿ ಮಲಗಿಯೇ ಇರಬೇಕು, ಬಚ್ಚಲಿಗೂ ನಡೆದು ಹೋಗಬಾರದು ಎಂದರು ಡಾಕ್ಟರು. ಮನೆ ನೋಡಿಕೊಳ್ಳಲು ಪುತ್ತೂರಿನಿಂದ ಅಮ್ಮನ ಅಕ್ಕ, ನನ್ನ ಸರೋಜ ದೊಡ್ಡಮ್ಮ, ವಿಸಿಟ್ ವೀಸಾದಲ್ಲಿ ಬಂದಳು. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಪಪ್ಪನಿಗೆ ಕನ್ನಡ ಬರುತ್ತಿರಲಿಲ್ಲ. ಇಬ್ಬರೂ ನನ್ನ ಮೂಲಕವೇ ಮಾತಾಡಬೇಕು. ಪಪ್ಪನ ಬ್ರೆಡ್ಡಿನ ತಟ್ಟೆ ಕಂಡು ದೊಡ್ಡಮ್ಮ ಮೊದಲ ದಿನ ನನ್ನನ್ನು ಕೇಳಿದಳು:

“ಒಲೆ ಹೊತ್ತಿಸದೆ ಊಟವಾ? ಮನೆಯಲ್ಲಿ ಬೇನೆ ಇರುವಾಗ ಹೀಗೆ ತಣ್ಣಗಿನದ್ದು ತಿನ್ಬಾರದು ಅಂತ ಹೇಳು ಅವರಿಗೆ.”

ನಾನು ಹೇಳಲಿಲ್ಲ. ಹೇಳಿದೆನೆಂದು ದೊಡ್ಡಮ್ಮನಿಗೆ ತಲೆಯಾಡಿಸಿದೆ. ಆ ದಿನಗಳಲ್ಲಿ ಆ ಮನೆ ನನ್ನ ಸಣ್ಣಸಣ್ಣ ಸುಳ್ಳುಗಳ ಮೇಲೆ ನಡೆಯುತ್ತಿತ್ತು. ದೊಡ್ಡಮ್ಮ ಬಿಸಿ ನೀರಿನಿಂದ ನೆಲ ಒರೆಸುವಳು, ಏಸಿಯ ಗಾಳಿಗೆ ಸೆರಗು ತಲೆಗೆ ಸುತ್ತಿಕೊಳ್ಳುವಳು, ಮಧ್ಯಾಹ್ನ ಅಮ್ಮನ ಮಂಚದ ಪಕ್ಕ ನೆಲದಲ್ಲಿ ಮಲಗುವಳು. ಮಂಚದ ಮೇಲೆ ಮಲಗು ಎಂದರೆ, “ಅದು ಶಶಿಯ ಜಾಗ. ಅವಳು ಬರ್ಲಿ,” ಎನ್ನುವಳು. ಶಶಿ ಎಂದರೆ ನನ್ನ ಅಮ್ಮ. ಅವಳು ಕೆಟ್ಟವಳಾಗಿರಲಿಲ್ಲ. ನನ್ನ ತಲೆಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಎರಡು ಜಡೆ ಹಾಕಿ ಶಾಲೆಗೆ ಕಳಿಸುತ್ತಿದ್ದವಳು ಅವಳೇ.

ಒಂದು ಮಧ್ಯಾಹ್ನ ಶಾಲೆಯಿಂದ ಬಂದು ನಾನು ಶೂ ಬಿಚ್ಚುತ್ತಿದ್ದೆ. ದೊಡ್ಡಮ್ಮ ಹಾಲ್‌ನಲ್ಲಿ ಊರಿನ ಯಾರೊಡನೆಯೋ ಫೋನಿನಲ್ಲಿದ್ದಳು. ಬಾಗಿಲ ಸದ್ದು ಅವಳಿಗೆ ಕೇಳಿಸಿರಲಿಲ್ಲ.

“ಇದು ಮೂರನೇದ್ದು ಅಲ್ವಾ. ಮೊದಲಿನ ಎರಡು ಎಲ್ಲಿ ನಿಂತಿತು? ನಿಲ್ಲುದಾದ್ರೂ ಹೇಗೆ ಹೇಳು. ಹೆಣ್ಣಿಗೆ ಇಟ್ಟ ಹೆಸರು ನೋಡು, ಅಂತ್ಯ ಅಂತೆ. ಅಂತ್ಯ ಅಂತ ಯಾರಾದ್ರೂ ಮಗುವಿಗೆ ಹೆಸರಿಡ್ತಾರಾ? ದಿನಕ್ಕೆ ಹತ್ತು ಸಲ ಅಂತ್ಯ, ಅಂತ್ಯ ಅಂತ ಕರೆದ್ರೆ ಮತ್ತೆ ಹುಟ್ಟುದು ಎಂತ?”

ನಾನು ಒಂದು ಶೂ ಕೈಯಲ್ಲಿ ಹಿಡಿದು ನಿಂತೇ ಇದ್ದೆ. ನನಗಿಂತ ಚಿಕ್ಕ ಎರಡು ಮಕ್ಕಳು ಬರಬೇಕಿತ್ತು, ಬರಲಿಲ್ಲ ಎಂದು ಗೊತ್ತಿತ್ತು. ಎರಡು ಸಲವೂ ಅಮ್ಮ ಪರದೆ ಎಳೆದುಕೊಂಡು ಕೆಲವು ದಿನ ಮಲಗಿದ್ದಳು, ‘ನಿಲ್ಲಲಿಲ್ಲ’ ಎಂಬ ಮಾತು ಮನೆಯಲ್ಲಿ ಕೇಳಿತ್ತು. ಏಕೆ ನಿಲ್ಲಲಿಲ್ಲ ಎಂಬುದು ಈಗ ಗೊತ್ತಾಯಿತು. ಅಂತ್ಯ ಎಂದರೆ ಏನೆಂದು ನನಗೆ ತಿಳಿದಿತ್ತು. ಅಮ್ಮ ಓದಿ ಹೇಳುತ್ತಿದ್ದ ಕನ್ನಡ ಕತೆಗಳು ಮುಗಿಯುವಲ್ಲಿ ಆ ಪದ ಇರುತ್ತಿತ್ತು.

ಅಂದಿನಿಂದ ನನ್ನನ್ನು ಯಾರೂ ಹೆಸರು ಹಿಡಿದು ಕರೆಯದ ಹಾಗೆ ನೋಡಿಕೊಳ್ಳುವುದೇ ನನ್ನ ಕೆಲಸವಾಯಿತು. ಪಪ್ಪ ವರ್ಕ್‌ಶಾಪಿನಿಂದ ಬಂದು ಕರೆಯುವ ಮೊದಲೇ ಬಾಗಿಲಲ್ಲಿ ಹೋಗಿ ನಿಲ್ಲುತ್ತಿದ್ದೆ. ದೊಡ್ಡಮ್ಮ ಕರೆಯಲು ಬಾಯಿ ತೆರೆದರೆ “ಬಂದೆ” ಎಂದು ಕೂಗಿಬಿಡುತ್ತಿದ್ದೆ. ಶಾಲೆಯಲ್ಲಿ ಟೀಚರ ಬಳಿ ಹೋಗಿ ನನ್ನನ್ನು ಆನ್ ಎಂದು ಕರೆಯಿರಿ ಎಂದು ಕೇಳಿದೆ. ಅವರಿಗೆ ಖುಷಿಯೇ ಆಯಿತು. ಎಲ್ಲ ಪುಸ್ತಕಗಳ ಲೇಬಲ್ಲಿನ ಮೇಲೂ ಬಿಳಿ ಬಣ್ಣ ಬಳಿದು ಆನ್ ಎಂದು ಬರೆದುಕೊಂಡೆ. ಒಂದು ಸಂಜೆ ಪಪ್ಪ ನನ್ನ ಲೆಕ್ಕದ ಪುಸ್ತಕಕ್ಕೆ ಸಹಿ ಹಾಕುವಾಗ ಅದು ಅವರ ಕಣ್ಣಿಗೆ ಬಿತ್ತು.

“ಇದನ್ನು ಬದಲಿಸಲು ನಿನಗೆ ಯಾರು ಹೇಳಿದರು?”

“ಯಾರೂ ಇಲ್ಲ.”

“ಹುಡುಗರು ತಮಾಷೆ ಮಾಡುತ್ತಾರೆಂದು ಬಿಟ್ಟುಕೊಟ್ಟೆಯಾ? ನಾನು ಇಷ್ಟು ವರ್ಷ ಮಿಸ್ಟರ್ ಹಾರ್ಸ್ ಆಗಿದ್ದೇನೆ. ನನ್ನ ಸಹಿ ನೋಡು. ಒಂದು ಅಕ್ಷರ ಬಿಟ್ಟಿದ್ದೇನಾ?”

ಅವರು ಎಂದೂ ನನ್ನ ಮೇಲೆ ಅಷ್ಟು ಗಟ್ಟಿಯಾಗಿ ಮಾತಾಡಿದವರಲ್ಲ. ಉಗುರಿನಿಂದ ಬಿಳಿ ಬಣ್ಣವನ್ನು ಕೆರೆದು ತೆಗೆಯತೊಡಗಿದರು, ಲೇಬಲ್ಲೇ ಹರಿಯಿತು. ದೊಡ್ಡಮ್ಮ ಅಡುಗೆಮನೆಯ ಬಾಗಿಲಿಗೆ ಬಂದು, ಎಂತ ಆಯ್ತು, ಎಂತಕ್ಕೆ ಬೈತಾರೆ, ಎಂದು ನನ್ನನ್ನೇ ಕೇಳಿದಳು. ಲೆಕ್ಕ ತಪ್ಪಾಯಿತಂತೆ ಎಂದು ಹೇಳಿದೆ.

ಆಸ್ಪತ್ರೆಯಲ್ಲಿ ನಾನು ಅಮ್ಮನ ಕೋಣೆಯೊಳಗೆ ಕಾಲಿಡುವುದನ್ನೇ ಬಿಟ್ಟೆ. ಮಗು ಹೊಟ್ಟೆಯೊಳಗಿದ್ದೇ ಎಲ್ಲ ಕೇಳಿಸಿಕೊಳ್ಳುತ್ತದೆ ಎಂದು ಅಮ್ಮನೇ ಹೇಳಿದ್ದಳು. ನಾನು ಒಳಗೆ ಹೋದರೆ ಅಮ್ಮ ನನ್ನ ಹೆಸರು ಹಿಡಿದು ಕರೆಯುತ್ತಾಳೆ, ಮಗುವಿಗೆ ಅಂತ್ಯ ಎಂದು ಕೇಳಿಸುತ್ತದೆ. ಮದ್ದಿನ ವಾಸನೆಗೆ ವಾಂತಿ ಬರುತ್ತದೆ ಎಂದು ಹೇಳಿ ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಿದ್ದೆ. ಮೊದಲೆರಡು ದಿನ ನಂಬಿದರು. ಆಮೇಲೆ ಪಪ್ಪ ನನ್ನ ತೋಳು ಹಿಡಿದು ಎಳೆದರು, ನಾನು ಕುರ್ಚಿಯ ಕಾಲು ಹಿಡಿದುಕೊಂಡೆ, ಕುರ್ಚಿಯೂ ಜೊತೆಗೆ ಬಂತು. ಕಾರಿಡಾರಿನಲ್ಲಿದ್ದವರೆಲ್ಲ ನೋಡಿದರು. ಪಪ್ಪ ಕೈಬಿಟ್ಟು ಒಬ್ಬರೇ ಒಳಗೆ ಹೋದರು. ತೆರೆದ ಬಾಗಿಲಿನಿಂದ ಅಮ್ಮನ ದನಿ ಕೇಳುತ್ತಿತ್ತು. “ಅವಳಿಗೆ ನನ್ನ ಮೇಲೆ ಸಿಟ್ಟಾ? ತಮ್ಮ ಬರ್ತಾನೆ ಅಂತ ಹೊಟ್ಟೆಕಿಚ್ಚಾ?” ಎಂದು ದೊಡ್ಡಮ್ಮನನ್ನು ಕೇಳುತ್ತಿದ್ದಳು. ತನ್ನ ಊಟದ ಟ್ರೇಯಿಂದ ಅರ್ಧ ಸೇಬು ತೆಗೆದಿಟ್ಟು ಅವಳ ಕೈಯಲ್ಲಿ ನನಗೆ ಕಳಿಸುತ್ತಿದ್ದಳು. ನಾನು ಅದನ್ನು ಹಾಗೇ ಕುರ್ಚಿಯ ಕೆಳಗೆ ಇಡುತ್ತಿದ್ದೆ. ಹೀಗೆ ಮೂರು ವಾರ ಹತ್ತಿರ ಹತ್ತಿರ ಕಳೆಯಿತು. ನಾನು ಅಮ್ಮನ ಮುಖ ನೋಡಲಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ಪಪ್ಪನಿಗೆ ಆಸ್ಪತ್ರೆಯಿಂದ ಫೋನ್ ಬಂತು. ಒಂದೇ ಸಲಕ್ಕೆ ತುಂಬಾ ರಕ್ತ ಹೋಗಿದೆ, ಆಪರೇಷನ್‌ಗೆ ಒಯ್ಯುತ್ತಿದ್ದೇವೆ ಎಂದರಂತೆ. ಮೂವರೂ ಕಾರಿನಲ್ಲಿ ಹೊರಟೆವು. ಪಪ್ಪನ ಶರಟಿನ ಗುಂಡಿ ಒಂದು ಮೇಲೆ ಒಂದು ಕೆಳಗೆ ಆಗಿತ್ತು. ಮಸೀದಿಗಳಿಂದ ಶುಕ್ರವಾರದ ಪ್ರವಚನ ಕೇಳುತ್ತಿತ್ತು, ರಸ್ತೆಗಳು ಖಾಲಿ. ನಾವು ತಲುಪುವ ಹೊತ್ತಿಗೆ ಮಗು ಹುಟ್ಟಿಯಾಗಿತ್ತು. ಬದುಕಿದೆ, ಒಂದೂವರೆ ಕಿಲೋಗಿಂತ ಕಡಿಮೆ, ತಾನಾಗಿ ಉಸಿರಾಡಲು ಕಷ್ಟಪಡುತ್ತಿದೆ, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದೇವೆ ಎಂದು ಮಲಯಾಳಿ ಸಿಸ್ಟರ್ ಒಬ್ಬರು ಬಂದು ಹೇಳಿದರು. ಅಮ್ಮನಿಗೆ ರಕ್ತ ಕೊಡುತ್ತಿದ್ದಾರೆ, ಇನ್ನೂ ಎಚ್ಚರವಿಲ್ಲ. ಆಮೇಲೆ ಪಪ್ಪನ ಕೈಗೆ ಒಂದು ಫಾರ್ಮ್ ಕೊಟ್ಟರು.

“ಬೇಬಿಯ ಹೆಸರು ಬರೆದುಬಿಡಿ ಸರ್. ಗೊತ್ತಿದ್ರೆ ಈಗಲೇ ಬರೆಯೋದು ಒಳ್ಳೇದು.”

ಈಗಲೇ ಏಕೆ ಎಂದು ಅವರು ಹೇಳಲಿಲ್ಲ, ಪಪ್ಪ ಕೇಳಲಿಲ್ಲ. ಅವರು ಫಾರ್ಮನ್ನು ತೊಡೆಯ ಮೇಲಿಟ್ಟುಕೊಂಡು ನಕ್ಷೆ ಬರೆಯುವವರ ಹಾಗೆ ಒಂದೊಂದೇ ದೊಡ್ಡಕ್ಷರ ಬರೆಯತೊಡಗಿದರು. ಡಿ. ಐ. ಇ. ಅಲ್ಲಿಗೆ ಪೆನ್ನು ನಿಂತಿತು, ಶಾಯಿ ಬರಲಿಲ್ಲ. ಅವರು ಪೆನ್ನನ್ನು ಕೊಡವುತ್ತಿದ್ದರು. ಕಾಗದದ ಮೇಲೆ, ಮಗುವಿನ ಹೆಸರು ಎಂದು ಅಚ್ಚಾಗಿದ್ದ ಸಾಲಿನ ಮುಂದೆ, ಆ ಮೂರು ಅಕ್ಷರಗಳು ಮಾತ್ರ ಇದ್ದವು. ನಾನು ಅವುಗಳ ಪಕ್ಕದ ಖಾಲಿ ಜಾಗದ ಮೇಲೆ ಅಂಗೈ ಒತ್ತಿದೆ.

“ಕೈ ತೆಗೆ.”

“ತೆಗೆಯುವುದಿಲ್ಲ. ಪಪ್ಪ, ಇದನ್ನು ಇಂಗ್ಲಿಷಿನಲ್ಲಿ ಓದಿ.”

ಪಪ್ಪ ಓದಿದರು. ತುಟಿ ಅಲುಗಿದ್ದು ಕಂಡಿತು. ಎಷ್ಟೋ ವರ್ಷದಿಂದ ಇಂಗ್ಲಿಷಿನಲ್ಲೇ ಕೆಲಸ ಮಾಡಿದವರು, ತಿಂಗಳಿನಿಂದ ಅದೇ ಹೆಸರನ್ನು ಪುಸ್ತಕದಲ್ಲಿ ನೋಡುತ್ತಿದ್ದವರು, ಅದನ್ನು ಆಗಲೇ ಮೊದಲ ಸಲ ಓದಿದಂತಿತ್ತು. ಪೆನ್ನಿಗೆ ಮುಚ್ಚಳ ಹಾಕಿದರು.

“ನಿನಗೆ ಇದು ಯಾವಾಗಿನಿಂದ ಗೊತ್ತು?”

ಆಗ ನನಗೆ ತಡೆಯಲಾಗಲಿಲ್ಲ. ಡೀಟರ್ ವಿಷಯವೂ ಬಂತು, ಅದರ ಹಿಂದೆಯೇ ನನ್ನ ಹೆಸರಿನ ವಿಷಯವೂ ಬಂತು. ನಾನು ಅಂತ್ಯ, ನನ್ನಿಂದಲೇ ಮೊದಲಿನ ಎರಡು ಮಕ್ಕಳು ನಿಲ್ಲಲಿಲ್ಲ, ಅದಕ್ಕೇ ಅಮ್ಮನ ಕೋಣೆಗೆ ಹೋಗಲಿಲ್ಲ, ಆದರೂ ಹೀಗಾಯಿತು ಎಂದೆ. ಜರ್ಮನ್‌ನಲ್ಲಿ ಹೇಳುತ್ತಿದ್ದೆ, ನಡುವೆ ಕನ್ನಡ ಬರುತ್ತಿತ್ತು. ಪಪ್ಪನಿಗೆ ಒಂದು ಪದ ಅರ್ಥವಾಗಲಿಲ್ಲ.

“ಅಂತ್ಯ ಎಂದರೇನು?”

“ಎಂಡೆ,” ಎಂದೆ. ಜರ್ಮನ್‌ನಲ್ಲಿ ಮುಕ್ತಾಯಕ್ಕೆ ಇರುವ ಪದ ಅದು.

ಪಪ್ಪ ಪಕ್ಕದ ಕುರ್ಚಿಯಲ್ಲಿದ್ದ ದೊಡ್ಡಮ್ಮನನ್ನು ನೋಡಿದರು. ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಆಪರೇಷನ್ ಬಾಗಿಲನ್ನೇ ನೋಡುತ್ತಿದ್ದಳು. ನಮ್ಮ ಮಾತು ಅವಳಿಗೆ ತಿಳಿದಿರಲಿಲ್ಲ.

“ಹಾಗೆ ಹೇಳಿದ್ದು ನಿಜವೇ ಎಂದು ಅವಳನ್ನು ಕೇಳು,” ಎಂದರು ಪಪ್ಪ.

ನನಗೆ ಕೇಳಲು ಹೆದರಿಕೆಯಾಯಿತು. ದೊಡ್ಡಮ್ಮ ನನಗೆ ಇನ್ನು ಜಡೆ ಹಾಕುವುದಿಲ್ಲ ಎಂದೂ ಅನಿಸಿತು, ಅಂಥ ಹೊತ್ತಿನಲ್ಲಿ ಅದು ನೆನಪಾದದ್ದು ಇಂದಿಗೂ ನನಗೆ ಆಶ್ಚರ್ಯ. ಆದರೂ ಕೇಳಿದೆ. ದೊಡ್ಡಮ್ಮನ ಮುಖ ಬಿಳಿಚಿತು.

“ನೀನು ಕೇಳಿಸಿಕೊಂಡಿದ್ಯಾ?” ಎಂದಳು. “ಅದು ಹೆದರಿಕೆಗೆ ಬಾಯಿಗೆ ಬಂದದ್ದು ಮಗಾ. ಶಶಿಗೆ ಏನಾದ್ರೂ ಆದ್ರೆ ಅಂತ ನನಗೆ ಕೈಕಾಲು ನಡುಗ್ತಿತ್ತು. ಯಾರ ಮೇಲಾದ್ರೂ ಹಾಕಬೇಕಿತ್ತು, ನಿನ್ನ ಮೇಲೆ ಹಾಕಿದೆ. ಅವರಿಗೆ ಹೇಳು, ತಪ್ಪಾಯ್ತು ಅಂತ.”

ಆ ತಿಂಗಳಿನಲ್ಲಿ ನಾನು ಒಂದು ಪದವೂ ಬಿಡದೆ ಅನುವಾದ ಮಾಡಿದ್ದು ಅದೊಂದೇ ಮಾತು. ಪಪ್ಪ ಕೇಳಿಸಿಕೊಂಡು ತಲೆಯಾಡಿಸಿದರು.

“ನನಗೂ ಹೆದರಿಕೆ ಎಂದು ಹೇಳು ಅವಳಿಗೆ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಆಂಟ್ಯೆ ಎಂದರೆ ಪುಟ್ಟ ಆನಾ. ಸಮುದ್ರದ ಕಡೆಯ ನಮ್ಮೂರಲ್ಲಿ ಮುದ್ದಿನ ಮಕ್ಕಳಿಗೆ ಹಾಗೆ ಕರೆಯುತ್ತಾರೆ. ನಾನು ನಿನಗೆ ಅದನ್ನು ಮೊದಲೇ ಹೇಳಬೇಕಿತ್ತು,” ಎಂದರು.

ಸಿಸ್ಟರ್ ಬೇರೆ ಫಾರ್ಮ್ ತಂದರು. ಪಪ್ಪ ನೋಟ್‌ಬುಕ್ಕಿನಿಂದ ಹರಿದಿಟ್ಟುಕೊಂಡಿದ್ದ ಹೆಸರುಗಳ ಹಾಳೆಯನ್ನು ಜೇಬಿನಿಂದ ತೆಗೆದು ಬಿಚ್ಚಿ, ಹೊಡೆದುಹಾಕದೆ ಉಳಿದಿದ್ದವನ್ನು ಒಂದೊಂದಾಗಿ ಓದಿದರು. ಫೆಲಿಕ್ಸ್ ಎಂದಾಗ ದೊಡ್ಡಮ್ಮ, “ಫೇಲ್ ಅಂತ ಕೇಳ್ತದೆ,” ಎಂದು ಮೆಲ್ಲಗೆ ಹೇಳಿ ಕೂಡಲೇ ಬಾಯಿ ಮುಚ್ಚಿಕೊಂಡಳು. ನಾನು ಅದನ್ನೂ ಅನುವಾದ ಮಾಡಿದೆ. ಪಪ್ಪ ಫೆಲಿಕ್ಸನ್ನು ಹೊಡೆದು ಹಾಕಿದರು. ಮುಂದಿನದು ಮಾರ್ಟಿನ್.

“ಎಂತದು? ಮಾರುತಿಯಾ?” ಎಂದಳು ದೊಡ್ಡಮ್ಮ. ಅಲ್ಲ, ಮಾರ್ಟಿನ್ ಎಂದೆ. ಅವಳು ಆ ತಿದ್ದುಪಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. “ಮಾರುತಿ ಆಗ್ತದೆ. ವಾಯುವಿನ ಮಗ ಅಲ್ವಾ. ಇವನಿಗೂ ಈಗ ಬೇಕಾದ್ದು ಉಸಿರೇ.”

ಅದನ್ನು ಪಪ್ಪನಿಗೆ ಹೇಳಲು ಹನುಮಂತನ ಕತೆಯ ಅರ್ಧವನ್ನಾದರೂ ಹೇಳಬೇಕಾಯಿತು. ಅವರು ಹಾಳೆಯನ್ನು ನನ್ನ ತೊಡೆಯ ಮೇಲಿಟ್ಟರು.

“ನೋಡು. ಇದರೊಳಗೆ ಏನಾದರೂ ಇದೆಯಾ? ಸರಿಯಾಗಿ ನೋಡಿ ಹೇಳು. ಅವಸರವಿಲ್ಲ.”

ಆರು ಅಕ್ಷರಗಳನ್ನು ನಾನು ಬಿಡಿಸಿ, ಕೂಡಿಸಿ, ಮೂರು ಭಾಷೆಗಳಲ್ಲಿ ಓದಿದೆ. ಒಳಗೆ ಒಂದು ‘ಆರ್ಟ್’ ಇತ್ತು, ಕೊನೆಯಲ್ಲಿ ಒಂದು ‘ಟಿನ್’ ಇತ್ತು. ಸಾಯುವಂಥದ್ದು, ಮುಗಿಯುವಂಥದ್ದು ಏನೂ ಸಿಗಲಿಲ್ಲ. ಇಂದಿಗೂ ಹೊಸ ಹೆಸರು ಕಂಡರೆ ನಾನು ಹೀಗೆಯೇ ಮಾಡುತ್ತೇನೆ. ಮದುವೆಯ ಕಾಗದಗಳಲ್ಲಿ, ಅಂಗಡಿಯ ಬೋರ್ಡುಗಳಲ್ಲಿ, ನನ್ನ ಮಕ್ಕಳ ಗೆಳೆಯರ ಹೆಸರುಗಳಲ್ಲಿ. ಅದೊಂದು ಅಭ್ಯಾಸವಾಗಿ ಉಳಿದಿದೆ, ಒಳ್ಳೆಯದೋ ಕೆಟ್ಟದೋ ಗೊತ್ತಿಲ್ಲ.

“ಏನೂ ಇಲ್ಲ,” ಎಂದೆ. ಪಪ್ಪ ಸಿಸ್ಟರ ಪೆನ್ನು ಇಸಿದುಕೊಂಡು ಬರೆದರು.

ಅಮ್ಮನಿಗೆ ಸಂಜೆ ಎಚ್ಚರವಾಯಿತು. ಓಮಾಗೆ ಪಪ್ಪ ಫೋನ್ ಮಾಡಿ ಹೆಸರು ಹೇಳಿದಾಗ ಅವಳು ಫೋನ್ ಇಟ್ಟುಬಿಟ್ಟಳಂತೆ. ಆ ವರ್ಷದ ಕ್ರಿಸ್‌ಮಸ್ಸಿಗೆ ಅವಳಿಂದ ಪಾರ್ಸೆಲ್ ಬರಲಿಲ್ಲ. ಮಾರ್ಟಿನ್ ಏಳು ವಾರ ಆ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂದ. ಈಗ ಪಪ್ಪನಿಗಿಂತ ಎತ್ತರವಾಗಿದ್ದಾನೆ, ಶೀತವಾದರೆ ಮಾತ್ರ ಎದೆಯಲ್ಲಿ ಸಿಳ್ಳೆಯ ಸದ್ದು ಬರುತ್ತದೆ. ದೊಡ್ಡಮ್ಮ ವೀಸಾ ಮುಗಿಯುವ ತನಕ ನಮ್ಮ ಜೊತೆಗಿದ್ದಳು, ಅಲ್ಲಿಯ ತನಕ ದಿನವೂ ನನಗೆ ಜಡೆ ಹಾಕಿದಳು. ಆದರೆ ಹೆರಿಗೆಯಾದ ಮೂರನೇ ದಿನ ನಡೆದದ್ದನ್ನು ಹೇಳದೆ ಈ ಅಧ್ಯಾಯವನ್ನು ಬಿಡಲಾರೆ.

ಅಂದು ಸಿಸ್ಟರ್ ಅಮ್ಮನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಮಕ್ಕಳ ವಾರ್ಡಿನ ದೊಡ್ಡ ಗಾಜಿನ ಮುಂದೆ ತಂದರು. ಪಪ್ಪ ನನ್ನನ್ನೂ ಅಲ್ಲಿಗೆ ಕರೆದೊಯ್ದಿದ್ದರು. ಅಮ್ಮನ ಮುಖ ಊದಿತ್ತು, ತುಟಿ ಒಡೆದಿತ್ತು. ಪಪ್ಪ ಅವಳಿಗೆ ಎಲ್ಲ ಹೇಳಿದ್ದರು ಎಂದು ಅವಳು ನನ್ನನ್ನು ನೋಡಿದ ರೀತಿಯಲ್ಲೇ ಗೊತ್ತಾಯಿತು. ನಾನು ಅಳುತ್ತಾ ಅವಳ ಮಡಿಲಿಗೆ ತಲೆ ಇಡಲು ಹೋದೆ, ಹೊಲಿಗೆ ಇದೆ ಎಂದು ಸಿಸ್ಟರ್ ತಡೆದರು. ಅಮ್ಮ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡಳು.

“ಅಲ್ಲಿ ನೋಡು. ಎರಡನೇ ಪೆಟ್ಟಿಗೆ. ಎದೆ ಕಾಣ್ತದಾ?”

ಕಂಡಿತು. ನನ್ನ ಅಂಗೈಯಷ್ಟೇ ಅಗಲದ ಎದೆ, ಪಕ್ಕೆಲುಬುಗಳ ನಡುವೆ ಒಳಕ್ಕೆ ಹೋಗುತ್ತಿತ್ತು, ಹೊರಕ್ಕೆ ಬರುತ್ತಿತ್ತು. ಬಾಯಿಗೆ ಪೈಪು ಅಂಟಿಸಿದ್ದರು.

“ಅದನ್ನೇ ನೋಡ್ತಾ ಇರು,” ಎಂದಳು ಅಮ್ಮ. “ನಾನು ಕರೀತೇನೆ.”

ಬೇಡ ಎಂದೆ. ಮಣಿಕಟ್ಟು ಬಿಡಿಸಿಕೊಳ್ಳಲು ನೋಡಿದೆ. ಅಷ್ಟು ನಿತ್ರಾಣವಾಗಿದ್ದರೂ ಅವಳ ಹಿಡಿತ ಗಟ್ಟಿಯಾಗಿತ್ತು. ಇನ್ನೊಂದು ಕೈಯಿಂದ ಒಂದು ಕಿವಿ ಮಾತ್ರ ಮುಚ್ಚಿಕೊಳ್ಳಲಾಯಿತು.

“ಆಂಟ್ಯೆ,” ಎಂದಳು ಅಮ್ಮ.

ಎದೆ ಒಳಕ್ಕೆ ಹೋಯಿತು. ನಾನೂ ಉಸಿರು ಹಿಡಿದು ನಿಂತೆ. ಎದೆ ಹೊರಕ್ಕೆ ಬಂತು.

“ಆಂಟ್ಯೆ,” ಎಂದು ಅವಳು ಇನ್ನೂ ಗಟ್ಟಿಯಾಗಿ ಕರೆದಳು. ಗಾಜಿನ ಆಚೆ ಇದ್ದ ನರ್ಸ್ ತಲೆಯೆತ್ತಿ ನಮ್ಮ ಕಡೆ ನೋಡಿದಳು. ಪೆಟ್ಟಿಗೆಯಲ್ಲಿದ್ದವನು ಒಂದು ಕಾಲನ್ನು ಸ್ವಲ್ಪ ಮಡಚಿ ಮತ್ತೆ ಚಾಚಿದ. ಎದೆ ಅದೇ ರೀತಿ ನಡೆಯುತ್ತಿತ್ತು, ಏಳುತ್ತ, ಇಳಿಯುತ್ತ. ನಾನು ಕಿವಿಯಿಂದ ಕೈ ತೆಗೆದೆ.

“ಇನ್ನೊಮ್ಮೆ ಕರಿ,” ಎಂದೆ.